ಬಸ್ಸು ಬೇಡ ಅಂದವನ ಅಕ್ಕ

ಗುತ್ಯಪ್ಪ ಜೀಪು ತಂದ ದಿನ ಅದರ ಮುಂದೆ ಕಾಯಿ ಒಡೆದವಳು ಅವನ ಅಕ್ಕ ಮಾಸ್ತಮ್ಮ. ಅಕ್ಕ ಅನ್ನುವುದು ಹೆಸರಿಗೆ. ಅವನ ಪಾಲಿಗೆ ತಾಯಿಯೂ ಅವಳೇ. ಹೆತ್ತವಳು ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುವ ಕೂಸು. ಮಾಸ್ತಮ್ಮ ಮದುವೆಯಾಗಿ ಅದೇ ಊರಿನ ಬೆಳ್ಳಪ್ಪನ ಮನೆ ಸೇರುವಾಗ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಹೊಸ್ತಿಲು ದಾಟಿದ್ದಳು. ಬೆಳ್ಳಪ್ಪ ಅದಕ್ಕೆ ಚಕಾರ ಎತ್ತಿರಲಿಲ್ಲ. ಆತ ಮಾತಾಡುವ ಮನುಷ್ಯನೇ ಅಲ್ಲ.

ಜೀಪು ಬಂದದ್ದು ಅರವತ್ತೈದರಲ್ಲಿ, ಊರು ಮುಳುಗಿದ ಮರುವರ್ಷ. ಶರಾವತಿಯ ಹಿನ್ನೀರು ಕೆಳಕೊಪ್ಪದ ಗದ್ದೆಗಳನ್ನು ನುಂಗಿ ಅಂಗಳಕ್ಕೆ ಏರಿದಾಗ, ಭಟ್ಟರ ಗದ್ದೆ ಮಾಡಿಕೊಂಡಿದ್ದ ಅಲ್ಲಿನ ಗೇಣಿ ಒಕ್ಕಲುಗಳನ್ನೆಲ್ಲ ಲಾರಿಗೆ ತುಂಬಿ ತಂದು, ಹೊಸನಗರದಿಂದ ಸಾಗರಕ್ಕೆ ಹೋಗುವ ರಸ್ತೆಯಿಂದ ನಾಲ್ಕು ಮೈಲಿ ಒಳಗೆ, ಕಾಡು ಕಡಿದ ಜಾಗದಲ್ಲಿ ಇಳಿಸಿದ್ದರು. ಅದಕ್ಕೆ ಹೊಸಕೊಪ್ಪ ಎಂದು ಹೆಸರಾಯಿತು.

ಕೆಳಕೊಪ್ಪ ಬಡವರ ಊರಾದರೂ ಊರಾಗಿತ್ತು. ಬಾವಿಕಟ್ಟೆಯಲ್ಲಿ ನಿಂತು ಕರೆದರೆ ಕುಲುಮೆಯಲ್ಲಿ ಓಗೊಡುತ್ತಿದ್ದರು. ಶಾಲೆ, ಅಂಗಡಿ, ಭೂತನ ಕಟ್ಟೆ ಎಲ್ಲವೂ ಎಲೆಯಡಿಕೆ ಬಾಯಲ್ಲಿ ಆರುವುದರೊಳಗೆ ಮುಟ್ಟುವಷ್ಟು ಹತ್ತಿರ. ಒಲೆಯ ಮೇಲೆ ಗಂಜಿ ಇಟ್ಟು ಹೋಗಿ ಉಪ್ಪು ತಂದರೆ ಗಂಜಿ ಉಕ್ಕುತ್ತಿರಲಿಲ್ಲ. ಹೊಸಕೊಪ್ಪದ ಜಾಗ ಹಂಚಿದ ಅಧಿಕಾರಿ ತಿರುಗುತ್ತಿದ್ದುದು ಜೀಪಿನಲ್ಲಿ. ನಕ್ಷೆ ಬರೆಸಿದ್ದೂ ಜೀಪಿನಲ್ಲಿ ಕೂತವನ ಕಣ್ಣಿಂದಲೇ. ಹೊಸ ಮಣ್ಣುರಸ್ತೆಯ ಎರಡೂ ಬದಿಗೆ, ದನ ಕಟ್ಟುವ ಹಗ್ಗ ಬಿಚ್ಚಿ ಎಳೆದ ಹಾಗೆ, ಮನೆಗಳನ್ನು ಮೈಲಿಗಟ್ಟಲೆ ಚಾಚಿದ್ದ. ನೀರಿನ ತೊಟ್ಟಿ ಒಂದು ತುದಿಗೆ, ಶಾಲೆ ಇನ್ನೊಂದು ತುದಿಗೆ. ಮಾಸ್ತಮ್ಮ ಬಾಗಿಲಲ್ಲಿ ನಿಂತರೆ ಪಕ್ಕದ ಹುಲಿಯಮ್ಮನ ಮನೆಯ ಹೊಗೆ ಕಾಣುತ್ತಿತ್ತು, ಮನೆ ಕಾಣುತ್ತಿರಲಿಲ್ಲ. ಇಷ್ಟು ದೂರ ದೂರ ಹಾಕಿದ್ರೆ ಹೆಂಗೆ ಬದುಕೋದು ಎಂದು ಗಂಡಸರು ಕೇಳಿದ್ದಕ್ಕೆ ಆತ, ಪ್ರತಿ ಮನೆಯ ಬಾಗಿಲಿಗೂ ಗಾಡಿ ಬರುತ್ತದೆ, ಇನ್ನೇನು ಬೇಕು ಎಂದು ನಕ್ಕಿದ್ದನಂತೆ. ಅವರಲ್ಲಿ ಯಾರ ಹತ್ತಿರವೂ ಗಾಡಿ ಇರಲಿಲ್ಲ. ಇದ್ದ ಎತ್ತುಗಳನ್ನೂ ಮುಳುಗಡೆಯ ಗಡಿಬಿಡಿಯಲ್ಲಿ ಸಿಕ್ಕಷ್ಟಕ್ಕೆ ಮಾರಿಕೊಂಡು ಬಂದಿದ್ದರು.

ಹಾಗಾಗಿ ಗುತ್ಯಪ್ಪ ಪರಿಹಾರದ ಹಣಕ್ಕೆ ಇನ್ನಷ್ಟು ಸೇರಿಸಿ ಅಣೆಕಟ್ಟೆಯ ಕೆಲಸ ಮುಗಿದ ಮೇಲೆ ಹರಾಜಿಗೆ ಬಂದ ಹಳೆಯ ಜೀಪನ್ನು ಕೊಂಡು ತಂದಾಗ ಹೊಸಕೊಪ್ಪಕ್ಕೆ ಹೊಸಕೊಪ್ಪವೇ ಹಿಗ್ಗಿತು. ಮೊದಲ ಮಳೆಗಾಲದಲ್ಲಿ ಹುಲಿಯಮ್ಮನ ಸೊಸೆಗೆ ಹೆರಿಗೆ ಕಷ್ಟವಾದಾಗ ಅವನೇ ಜೀಪಿನಲ್ಲಿ ಹೊತ್ತುಕೊಂಡು ಹೋಗಿ ಸಾಗರದ ಆಸ್ಪತ್ರೆ ಮುಟ್ಟಿಸಿದ. ಕಾಸು ಮುಟ್ಟಲಿಲ್ಲ. ಅವನ ಕೈಗೆ ಹುಲಿಯಮ್ಮ ಹಣೆ ಒತ್ತಿದ್ದನ್ನು ಮಾಸ್ತಮ್ಮ ಕಣ್ಣಾರೆ ಕಂಡು, ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಳು.

ಆಮೇಲೆ ನಿಧಾನವಾಗಿ ಅದು ಬಾಡಿಗೆಯ ಜೀಪಾಯಿತು. ಅದರಲ್ಲಿ ತಪ್ಪೇನು, ಎಣ್ಣೆ ಸುಮ್ಮನೆ ಬರುತ್ತದೆಯೇ ಎಂದು ಜನರೇ ಹೇಳಿದರು. ಬರಬರುತ್ತಾ ಮೂಟೆಗೆ ಬೇರೆ, ಕೋಳಿಬುಟ್ಟಿಗೆ ಬೇರೆ, ಮಳೆ ಬಂದರೆ ಬೇರೆ ದರ ಎಂದಾಯಿತು. ಜನ ಕಿಕ್ಕಿರಿದು ತುಂಬುವ ತನಕ ಜೀಪು ಹೊರಡುತ್ತಿರಲಿಲ್ಲ. ಹೊರಟರೆ ನಡುದಾರಿಯಲ್ಲಿ ಕೈ ಅಡ್ಡ ಹಿಡಿದವರಿಗೆ ನಿಲ್ಲುತ್ತಿರಲಿಲ್ಲ. ಹೆದ್ದಾರಿಯ ಕ್ರಾಸಿಗೆ ಬರುವ ಬಸ್ಸು ಹಿಡಿಯಲು ಜನ ಕಾಡಿನ ನಡುವೆ ಒಂದು ಕಾಲುದಾರಿ ಸವೆಸಿಕೊಂಡಿದ್ದರು; ಮಣ್ಣುರಸ್ತೆಯಲ್ಲಿ ನಾಲ್ಕು ಮೈಲಿಯಾಗುವುದು ಅದರಲ್ಲಿ ಅರ್ಧಕ್ಕೆ ಮುಗಿಯುತ್ತಿತ್ತು. ಅದರ ಬಾಯಿಗೆ ಸರಿಯಾಗಿ ಗುತ್ಯಪ್ಪ ಒಂದಿಷ್ಟು ಜಾಗ ಬಗರ್‌ಹುಕುಂ ಮಾಡಿ, ಶುಂಠಿ ಹಾಕುತ್ತೇನೆಂದು ಬಿದಿರುಮುಳ್ಳಿನ ಬೇಲಿ ಬಡಿದ. ಶುಂಠಿ ಏಳಲಿಲ್ಲ. ಬೇಲಿ ಉಳಿಯಿತು.

ಈ ಪ್ರತಿಯೊಂದಕ್ಕೂ ಮಾಸ್ತಮ್ಮನ ಹತ್ತಿರ ಉತ್ತರವಿತ್ತು. ನೀರಿನ ತೊಟ್ಟಿಯ ಹತ್ತಿರ ಯಾರಾದರೂ ತಮ್ಮನ ಹೆಸರೆತ್ತಿದರೆ, ನಿಮಗೆಲ್ಲ ಹೊಟ್ಟೆಯುರಿ ಎಂದು ಕೊಡ ಎತ್ತಿಕೊಂಡು ಬಂದುಬಿಡುತ್ತಿದ್ದಳು.

ಕನ್ನಪ್ಪ ಬಿದ್ದ ದಿನ ಮಾತ್ರ ಅವಳ ಬಾಯಿ ಕಟ್ಟಿತು. ಕನ್ನಪ್ಪ ಸೈಕಲ್ಲಿನಲ್ಲಿ ಒಣಮೀನು ಮಾರುವವನು. ಅಷ್ಟು ಚಾಚಿಕೊಂಡ ಊರಲ್ಲಿ ಮನೆಮನೆಗೂ ಹೋಗುತ್ತಿದ್ದವನು ಅವನೊಬ್ಬನೇ. ಮೀನಿನ ಜೊತೆಗೆ ಒಬ್ಬರ ಮಗಳ ಸುದ್ದಿ ಇನ್ನೊಬ್ಬರಿಗೆ, ಹೊಸನಗರದಿಂದ ಜ್ವರದ ಮಾತ್ರೆ, ಒಡೆದ ಕನ್ನಡಕ, ಎಲ್ಲವನ್ನೂ ಅವನೇ ತರುತ್ತಿದ್ದ. ತಿರುವಿನಲ್ಲಿ ಜೀಪು ಹಾರ್ನ್ ಹಾಕಿ ಮೈಮೇಲೆ ಬಂದಾಗ ಅವನು ಸೈಕಲ್ ಸಮೇತ ಚರಂಡಿಗೆ ಉರುಳಿದ. ತೋಳು ಮುರಿಯಿತು. ಮಾಸ್ತಮ್ಮ ಹೋಗಿ ನೋಡಿದಾಗ ಮೀನೆಲ್ಲ ಕೆಸರಲ್ಲಿ ಬಿದ್ದಿತ್ತು, ಮುಂದಿನ ಚಕ್ರ ಹಪ್ಪಳದ ಹಾಗೆ ಮಡಚಿತ್ತು. ಅವಳು ತಮ್ಮನನ್ನು ಕೇಳಿದಳು. ಅವನು ಊಟದ ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ರಸ್ತೆ ಇರೋದು ಗಾಡಿಗೆ ಕಣಕ್ಕ. ಹಾರ್ನ್ ಕೇಳ್ದ ಕೂಡ್ಲೆ ಅವನು ಇಳೀಬೇಕಿತ್ತು."

ಬಡಿಸುತ್ತಿದ್ದ ಸೌಟು ಅವಳ ಕೈಯಲ್ಲೇ ನಿಂತಿತು. ಆ ರಾತ್ರಿ ಅವನಿಗೆ ಎರಡನೆಯ ಸಲ ಅನ್ನ ಬೇಕೇ ಎಂದು ಕೇಳಲಿಲ್ಲ.

ಕನ್ನಪ್ಪ ಬರುವುದು ನಿಂತಿತು. ಒಂದು ದಿನ ತೊಟ್ಟಿಯ ಹತ್ತಿರ ಹುಲಿಯಮ್ಮ, ಈ ಊರಿಗೆ ಬಸ್ಸೇ ಬರುವುದಿತ್ತು, ಬಾರದ ಹಾಗೆ ಮಾಡಿದವರು ಯಾರು ಅಂತ ನಿನ್ನ ತಮ್ಮನನ್ನೇ ಕೇಳು ಎಂದಳು. ಮಾಸ್ತಮ್ಮನಿಗೆ ರೇಗಿತು. ಹೆರಿಗೆಗೆ ಹೊತ್ತುಕೊಂಡು ಹೋದವನ ಮೇಲೆ ಇಂಥ ಮಾತು ಆಡುವ ನಾಲಿಗೆಗೆ ಹುಳ ಬೀಳಲಿ ಎಂದುಬಿಟ್ಟಳು. ಹುಲಿಯಮ್ಮ ತಿರುಗಿ ಬೈಯಲಿಲ್ಲ. ಹಾಗೆ ಬೈಯದೆ ಹೋದದ್ದೇ ಮಾಸ್ತಮ್ಮನಿಗೆ ಮುಳ್ಳಾಯಿತು.

ಎರಡು ದಿನ ತಡೆದಳು. ಮೂರನೆಯ ಬೆಳಿಗ್ಗೆ ಬೆಳ್ಳಪ್ಪನಿಗೆ ಹೇಳಿ, ತಮ್ಮನಿಗೆ ಹೇಳದೆ, ಕ್ರಾಸಿನ ತನಕ ನಡೆದು ತೀರ್ಥಹಳ್ಳಿಯ ಬಸ್ಸು ಹತ್ತಿದಳು. ಆ ಬಸ್ಸಿನ ಯಜಮಾನ ಸುಬ್ಬರಾಯ ಭಟ್ಟರ ಮನೆ ತೀರ್ಥಹಳ್ಳಿಯ ಪೇಟೆಯ ಹಿಂದಿತ್ತು. ಅವಳು ಹೊರಜಗಲಿಯ ತುದಿಯಲ್ಲಿ ಕೂತಳು. ರಾಯರು ಒಳಗೆ ತಿರುಗಿ ಹೆಂಡತಿಗೆ, "ಆಸ್ರಿಗೆ ಎಂತಾರೂ ಕೊಡೇ" ಎಂದರು. ಮಜ್ಜಿಗೆ ಬಂತು. ಅವಳು ಅದನ್ನು ಮುಟ್ಟದೆ ಕೇಳಬೇಕಾದದ್ದನ್ನು ಕೇಳಿದಳು.

ರಾಯರು ಮುಚ್ಚಿಡಲಿಲ್ಲ. ಸಂಜೆಯ ಬಸ್ಸನ್ನು ಹೊಸಕೊಪ್ಪದ ತನಕ ಓಡಿಸಿ, ರಾತ್ರಿ ಅಲ್ಲೇ ನಿಲ್ಲಿಸಿ, ಬೆಳಿಗ್ಗೆ ಜನರನ್ನು ಕರೆದುಕೊಂಡು ಹೊರಡಿಸುವುದೆಂದು ಕೇಳಿಕೊಂಡಿದ್ದರಂತೆ. ಪರ್ಮಿಟ್ಟಿನ ವಿಚಾರಣೆಗೆ ಊರಿನ ಪರವಾಗಿ ಗುತ್ಯಪ್ಪ ಬಂದಿದ್ದನಂತೆ. ನಮ್ಮ ಜನಕ್ಕೆ ಬಸ್ಸಿನ ರೂಢಿ ಇಲ್ಲ, ಮೋರಿಗಳು ಬಸ್ಸಿನ ಭಾರ ತಡೆಯುವುದಿಲ್ಲ, ಊರವರ ಓಡಾಟವನ್ನೆಲ್ಲ ನಾನೇ ನೋಡಿಕೊಳ್ಳುತ್ತೇನೆ ಎಂದನಂತೆ.

"ನನಗೇನು, ಲಾಭ ಇದ್ದಲ್ಲಿ ಬಸ್ ಬಿಡ್ತೇನೆ, ಇಲ್ದಿದ್ರೆ ಇಲ್ಲ" ಎಂದರು ರಾಯರು. "ಆದ್ರೆ ಊರಿನವನೇ ಬೇಡ ಅಂದ್ಮೇಲೆ ಅಧಿಕಾರಿಗಳು ಯಾಕೆ ಕೊಡ್ತಾರೆ? ಸಾಕ್ಷಿಗೆ ನಿನ್ನ ಹೆಸ್ರೇ ಹೇಳಿದ ಮಾರಾಯ್ತಿ. ನಮ್ಮಕ್ಕ ಮಾಸ್ತಮ್ಮನೂ ಬಸ್ ಬ್ಯಾಡ ಅಂತಾಳೆ, ಊರ ಹೆಂಗಸ್ರೆಲ್ಲ ಅವಳ ಮಾತು ಕೇಳೋರು ಅಂದ."

ಮಾಸ್ತಮ್ಮ ಮಜ್ಜಿಗೆಯ ಲೋಟವನ್ನು ಹಾಗೇ ಬಿಟ್ಟು ಎದ್ದಳು. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೂ ಹುಂಚ ಬಂದದ್ದು, ಹೋದದ್ದು ಅವಳಿಗೆ ತಿಳಿಯಲಿಲ್ಲ. ಅವಳನ್ನು ಸುಡುತ್ತಿದ್ದುದು ಬಸ್ಸಿನ ಮಾತಲ್ಲ. ತಾನು ಯಾವ ಹೆಸರನ್ನು ತೊಟ್ಟಿಯ ಹತ್ತಿರ ಜಗಳ ಕಾದು ಉಳಿಸುತ್ತಿದ್ದಳೋ, ಆ ಹೆಸರಿನವನು ತನ್ನ ಹೆಸರನ್ನೇ ಒಯ್ದು ಮಾರಿದ್ದ.

ಸಂಜೆ ಕ್ರಾಸಿನಲ್ಲಿ ಇಳಿದಾಗ ಜೀಪು ಅಲ್ಲೇ ನಿಂತಿತ್ತು. ಏಳೆಂಟು ಜನ ಒಳಗೆ ಒತ್ತಿ ಕೂತಿದ್ದರು. "ಹತ್ತಕ್ಕ, ಕತ್ಲಾತು" ಎಂದ ಗುತ್ಯಪ್ಪ. ಮುಂದಿನ ಸೀಟಿನಲ್ಲಿದ್ದವನನ್ನು ಇಳಿಸಿ ಜಾಗವನ್ನೂ ಮಾಡಿದ. ಅವಳು ಜೀಪನ್ನು ದಾಟಿ ಮಣ್ಣುರಸ್ತೆಗೆ ಇಳಿದು ನಡೆಯತೊಡಗಿದಳು. ಅವನು ಜೀಪನ್ನು ಅವಳ ಪಕ್ಕಕ್ಕೇ ನಿಧಾನ ಬಿಟ್ಟುಕೊಂಡು ಬಂದ. ಮೊದಲು ನಗುತ್ತಾ ಕರೆದ, ಆಮೇಲೆ ಗದರಿದ. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದ.

"ಸುಬ್ಬರಾಯ್ರ ಮನೆಗೆ" ಎಂದಳು ಅವಳು.

ಜೀಪು ನಿಂತಿತು. ಗುತ್ಯಪ್ಪ ಇಳಿದು ಬಂದು ದಾರಿಗೆ ಅಡ್ಡ ನಿಂತ. ಸುಳ್ಳು ಹೇಳಲು ಹೋಗಲಿಲ್ಲ, ಅಷ್ಟರ ಮಟ್ಟಿಗೆ ಅವನು ಅವಳೇ ಸಾಕಿದವನು.

"ಹೌದು, ಬಸ್ ಬ್ಯಾಡ ಅಂದಿದ್ದು ನಾನೇ. ಬಸ್ ಬಂದ್ರೆ ಇದನ್ನ ಯಾರು ಹತ್ತಾರೆ? ಪರಿಹಾರದ ದುಡ್ಡನ್ನ ನಮ್ಮೋರೆಲ್ಲ ಕುಡ್ದು, ಇಸ್ಪೀಟಾಡಿ ಕಳ್ಕಂಡ್ರು. ಉಳಿಸ್ಕಂಡೋನು ನಾನೊಬ್ಬ. ನಮ್ಮ ಪೈಕಿ ಸ್ಟೇರಿಂಗ್ ಹಿಡ್ದೋನು ನಾನೊಬ್ಬ. ಇದನ್ನೂ ತಂದು ಭಟ್ರ ಕೈಗೆ ಕೊಡ್ಲಾ? ಅಜ್ಜನ ಕಾಲ್ದಿಂದ ಅವ್ರಿಗೆ ಗೇಣಿ ಅಳ್ದಿದ್ದು ಸಾಲ್ದಾ ಅಕ್ಕ?"

ಆ ಮಾತು ಅವಳನ್ನು ಒಂದು ಗಳಿಗೆ ತಡೆಯಿತು. ಅದರಲ್ಲಿ ಸುಳ್ಳಿರಲಿಲ್ಲ. ಗೇಣಿಯ ಭತ್ತ ಅಳೆಯುವಾಗ ಅಪ್ಪ ಕೈಕಟ್ಟಿ ನಿಲ್ಲುತ್ತಿದ್ದುದನ್ನು ಅವಳೂ ಕಂಡವಳು. ಆದರೆ ಜೀಪಿನೊಳಗಿಂದ ತನ್ನನ್ನೇ ನೋಡುತ್ತಿದ್ದ ಮುಖಗಳೂ ಅದೇ ಅಂಗಳದಲ್ಲಿ ಕೈಕಟ್ಟಿ ನಿಂತವರ ಮಕ್ಕಳದೇ.

"ಭಟ್ರ ಗದ್ದೆ ಮಾಡಿ ಭಟ್ರಿಗೆ ಗೇಣಿ ಕೊಟ್ವಿ ತಮಾ. ನಮ್ಮ ಕಾಲಲ್ಲಿ ನಾವು ನಡೆಯಕ್ಕೆ ನಿನಗೆ ಯಾವ ಗೇಣಿ ಕೊಡ್ಬೇಕು?" ಎಂದಳು. "ಬೇಲಿ ಹಾಕ್ದೆ. ಕನ್ನಪ್ಪನ ತೋಳು ಮುರ್ದೆ. ಅದೆಲ್ಲ ಇರ್ಲಿ. ಅಲ್ಲಿ ಹೋಗಿ ನನ್ನ ಹೆಸ್ರು ಯಾಕೆ ಹೇಳ್ದೆ?"

"ನೀ ಬ್ಯಾರೆ ನಾ ಬ್ಯಾರೆ ಅಂತ ನಾನು ಯಾವತ್ತೂ ಅಂದ್ಕಂಡಿಲ್ಲ."

ಪ್ರೀತಿಯಿಂದಲೇ ಅಂದ. ಆ ಪ್ರೀತಿಯೇ ಅವಳ ಮೈಗೆ ಬೆಂಕಿ ಇಟ್ಟಂತಾಯಿತು. ಅವನನ್ನು ಭುಜದಿಂದ ಸರಿಸಿ ಮುಂದೆ ನಡೆದಳು. ಜೀಪಿನ ಹಿಂದಿನಿಂದ ಇಬ್ಬರು ಹೆಂಗಸರು ಇಳಿದು ಅವಳ ಹಿಂದೆ ನಡೆದುಕೊಂಡು ಬಂದರು.

ಮರುದಿನ ಅವಳು ಮೊದಲು ಹೋದದ್ದು ಹುಲಿಯಮ್ಮನ ಮನೆಗೆ. ನನ್ನ ನಾಲಿಗೆಗೇ ಹುಳ ಬೀಳಬೇಕಿತ್ತು ಎಂದಳು. ಹುಲಿಯಮ್ಮ ಮಣೆ ಹಾಕಿ ಎಲೆಯಡಿಕೆಯ ತಟ್ಟೆ ಮುಂದಿಟ್ಟಳು. ಅಲ್ಲಿಂದ ಇಬ್ಬರೂ ಆ ಉದ್ದ ರಸ್ತೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಮನೆಮನೆ ಹತ್ತಿ ಇಳಿದರು. ಬಸ್ಸು ಬರುವ ತನಕ ಜೀಪು ಹತ್ತುವುದಿಲ್ಲ, ಸಂತೆಯ ದಿನ ಎಲ್ಲರೂ ಒಟ್ಟಿಗೆ ನಡೆದೇ ಹೊಸನಗರಕ್ಕೆ ಹೋಗುವುದು, ಅಮಲ್ದಾರರ ಕಚೇರಿಯ ಮುಂದೆ ಕೂರುವುದು ಎಂದು ಮಾತಾಯಿತು. ಕೆಲವರು ಹಿಂಜರಿದರು. ನಾಳೆ ಯಾರಿಗಾದರೂ ಮೈ ಕೆಟ್ಟರೆ ಗುತ್ಯಪ್ಪನ ಕಾಲನ್ನೇ ಹಿಡಿಯಬೇಕಲ್ಲ ಎಂದರು. ಆ ಹೆದರಿಕೆಯನ್ನು ಕೇಳಿ ಮಾಸ್ತಮ್ಮನ ಸಿಟ್ಟು ಇನ್ನಷ್ಟು ಏರಿತು. ಊರಿಗೆ ಊರನ್ನೇ ತನ್ನೊಬ್ಬನ ಕಾಲಿಗೆ ಕಟ್ಟಿಹಾಕಿದ್ದ ಅವಳ ತಮ್ಮ.

ಸಂತೆಯ ಬೆಳಿಗ್ಗೆ ಬುಟ್ಟಿ ಹೊತ್ತು ಹೊರಟವರು ಕಾಲುದಾರಿಯ ಬೇಲಿಯ ಹತ್ತಿರ ಬಂದಾಗ ಬೆಳ್ಳಪ್ಪ ಆಗಲೇ ಅಲ್ಲಿದ್ದ. ಯಾರೂ ಅವನನ್ನು ಕರೆದಿರಲಿಲ್ಲ. ಕತ್ತಿ ಹಿಡಿದು ಒಂದೊಂದೇ ಬಿದಿರುಮುಳ್ಳನ್ನು ಕಡಿದು ಬದಿಗೆ ಎಳೆದು ಹಾಕಿದ್ದ. ಮುಂಗೈ ತುಂಬ ಗೀರು. ಹೋಗಿ ಎಂಬಂತೆ ಕೈ ತೋರಿಸಿದ, ಅಷ್ಟೇ. ಮದುವೆಯಾದ ಇಷ್ಟು ವರ್ಷಗಳಲ್ಲಿ ಗಂಡ ಅವಳಿಗೆ ಅಷ್ಟು ಚೆಂದ ಎಂದೂ ಕಂಡಿರಲಿಲ್ಲ.

ಕಾಲುದಾರಿ ಹೆದ್ದಾರಿಯನ್ನು ಸೇರುವ ಹೊತ್ತಿಗೆ ಜೀಪು ಹಿಂದೆ ಬಂತು. ಅದು ಸುತ್ತು ಹಾಕಿ ಬಂದಿತ್ತು, ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಹಾರ್ನ್ ಹೊಡೆಯಿತು. ಯಾರೂ ಬದಿಗೆ ಸರಿಯಲಿಲ್ಲ. ಗುತ್ಯಪ್ಪ ಮತ್ತೂ ಹತ್ತಿರ ತಂದ. ಜೀಪಿನ ಮೂತಿ ಮಾಸ್ತಮ್ಮನ ಬೆನ್ನಿಗೆ ತಾಗಿತು, ಇಂಜಿನ್ನಿನ ಬಿಸಿ ಸೀರೆಯ ಮೇಲಿಂದ ಮೈಗೆ ಬಡಿಯಿತು. ಅವಳು ತಿರುಗಲಿಲ್ಲ. "ಹತ್ಸು" ಎಂದಳು. "ರಸ್ತೆ ಇರೋದು ಗಾಡಿಗೆ ಅಲ್ದಾ? ಹತ್ಸು."

ಅವನು ಹತ್ತಿಸಲಿಲ್ಲ. ಆದರೆ ಅಷ್ಟು ಜನರ ಮುಂದೆ ಸೋಲುವುದೂ ಅವನಿಂದಾಗಲಿಲ್ಲ. ಹಿಂದಕ್ಕೆ ತಗೊಂಡು, ಸ್ಟೇರಿಂಗ್ ತಿರುಗಿಸಿ, ಅಂಚಿನಲ್ಲಿ ನುಗ್ಗಿಸಿದ. ಹೆಂಗಸರು ಚೀರಿ ಪಕ್ಕಕ್ಕೆ ಹಾರಿದರು. ಹುಲಿಯಮ್ಮ ಕೆಳಗಿಟ್ಟಿದ್ದ ಬುಟ್ಟಿಯ ಮೇಲೆ ಎರಡು ಚಕ್ರವೂ ಹಾದವು. ಬೇಸಿಗೆಯುದ್ದಕ್ಕೂ ಅವಳು ನೀರು ಹೊತ್ತು ಬೆಳೆಸಿದ್ದ ಸೌತೆಕಾಯಿ ಟಾರಿನ ಮೇಲೆ ಅರೆದುಹೋಯಿತು.

ಮಾಸ್ತಮ್ಮನಿಗೆ ಮುಂದಿನದು ನೆನಪಿರುವುದು ಕೈಯಿಂದ, ತಲೆಯಿಂದಲ್ಲ. ರಸ್ತೆಯ ಬದಿಗೆ ರಾಶಿ ಹಾಕಿದ್ದ ಜಲ್ಲಿಯಲ್ಲಿ ಒಂದು ಕಲ್ಲು ಅಂಗೈ ತುಂಬ ಬಂತು. ಓಡಿ ಜೀಪಿನ ಮುಂದಕ್ಕೆ ಬಂದಳು. ಕಲ್ಲು ಬೀಸಿದಳು. ಮುಂದಿನ ಗಾಜು ಒಡೆದು ಒಳಗೆ ಸುರಿಯಿತು. ಜೀಪು ಗಕ್ಕನೆ ನಿಂತಿತು. ಗುತ್ಯಪ್ಪನ ಹಣೆಯಿಂದ ರಕ್ತ ಇಳಿಯುತ್ತಿತ್ತು. ಅವನು ಒರೆಸಿಕೊಳ್ಳದೆ ಅವಳನ್ನೇ ನೋಡಿದ. ಅವಳ ಕಾಲು ಒಂದು ಹೆಜ್ಜೆ ಅವನತ್ತ ಹೋಯಿತು, ಸೆರಗೂ ಕೈಗೆ ಬಂತು. ಅಲ್ಲೇ ನಿಂತಳು. ಸೆರಗನ್ನು ಸೊಂಟಕ್ಕೆ ಬಿಗಿದು ಹೊಸನಗರದ ಕಡೆಗೆ ತಿರುಗಿದಳು.

ಸುದ್ದಿ ಅವರಿಗಿಂತ ಮೊದಲೇ ಹೊಸನಗರ ಮುಟ್ಟಿತ್ತು. ಅಮಲ್ದಾರರ ಕಚೇರಿಯ ಮುಂದೆ ಕೂತಿದ್ದವರನ್ನು ಪೊಲೀಸರು ಬಂದು ಎಬ್ಬಿಸಿದರು. ಗುತ್ಯಪ್ಪನನ್ನೂ ಕರೆತಂದಿದ್ದರು, ಹಣೆಗೆ ಬಟ್ಟೆ ಕಟ್ಟಿತ್ತು. ಅಮಲ್ದಾರರು ಹೊರಗೆ ಬಂದು ಏನು ಗಲಾಟೆ ಎಂದು ಕೇಳಿದರು. ಗಾಜು ಒಡೆದವರ ಮೇಲೆ ದೂರು ಕೊಡುತ್ತೀಯಾ ಎಂದು ಪೊಲೀಸಿನವನು ಗುತ್ಯಪ್ಪನನ್ನು ಕೇಳಿದ.

ಗುತ್ಯಪ್ಪ ನೆಲ ನೋಡುತ್ತಾ, ದೂರು ಏನೂ ಇಲ್ಲ, ಮರದ ಕೊಂಬೆ ಬಡಿದು ಗಾಜು ಒಡೆಯಿತು ಎಂದ.

ಜನ ಪಿಸುಗುಟ್ಟಿದರು. ಅಕ್ಕನನ್ನು ಬಿಟ್ಟುಕೊಡಲಿಲ್ಲ ನೋಡು ಎಂದು ಯಾರೋ ಅಂದದ್ದು ಮಾಸ್ತಮ್ಮನ ಕಿವಿಗೆ ಬಿತ್ತು. ಒಂದು ಕ್ಷಣ ಅವಳ ಎದೆಯೂ ಹೌದೆಂದಿತು. ಅಷ್ಟರಲ್ಲಿ ಅಮಲ್ದಾರರು, ಸರಿ ಹಾಗಾದರೆ ಎಲ್ಲ ಮನೆಗೆ ಹೋಗಿ ಎಂದು ಒಳಗೆ ತಿರುಗಿದರು. ಆಗ ಅವಳಿಗೆ ಹೊಳೆಯಿತು. ಕೊಂಬೆ ಬಡಿದಿದ್ದರೆ ಇಲ್ಲಿ ಜಗಳವೇ ಇಲ್ಲ. ಜಗಳವೇ ಇಲ್ಲದಿದ್ದರೆ ಬಸ್ಸೂ ಇಲ್ಲ. ಅವನು ಮತ್ತೆ ಅವಳ ಬದಲು ತಾನೇ ಮಾತಾಡಿದ್ದ.

"ಕೊಂಬೆ ಅಲ್ಲ" ಎಂದಳು ಮಾಸ್ತಮ್ಮ. "ಕಲ್ಲು. ಹೊಡ್ದಿದ್ದು ನಾನು. ಯಾಕೆ ಅಂತ ಕೇಳ್ರಿ, ಹೇಳ್ತೀನಿ. ಕೇಳ್ದೆ ಒಳಗೆ ಹೋದ್ರೆ ಇನ್ನೊಂದು ಹೊಡೀತೀನಿ."

ಅಮಲ್ದಾರರು ನಿಂತರು. ಅವಳು ಹೇಳಿದಳು. ತನ್ನ ಹೆಸರನ್ನು ಯಾರು ಎಲ್ಲಿ ಹೇಗೆ ಬಳಸಿದರೆಂದೂ, ಬಸ್ಸು ಬೇಡ ಎಂದು ತಾನು ಯಾವತ್ತೂ ಅಂದಿಲ್ಲವೆಂದೂ, ಜೀಪಿನವರು ಬರೆಸಿದ ಊರಲ್ಲಿ ಕಾಲಿನವರು ಹೇಗೆ ಸಾಯುತ್ತಿದ್ದಾರೆಂದೂ ಹೇಳಿದಳು. ಹುಲಿಯಮ್ಮ ಸೌತೆಕಾಯಿಯ ಚಪ್ಪಟೆ ಬುಟ್ಟಿಯನ್ನು ತಂದು ಕಚೇರಿಯ ಮೆಟ್ಟಿಲ ಮೇಲಿಟ್ಟಳು.

ಅವಳನ್ನು ಸಂಜೆಯ ತನಕ ಠಾಣೆಯಲ್ಲಿ ಕೂರಿಸಿ, ಬೈದು, ಬಿಟ್ಟರು. ಬಸ್ಸಿನ ವಿಚಾರಣೆ ಇನ್ನೊಮ್ಮೆ ನಡೆಯಿತು. ಈ ಸಲ ಊರಿನ ಪರವಾಗಿ ಹೆಂಗಸರೇ ಹೋದರು. ಆ ವರ್ಷದ ಮಳೆ ಮುಗಿದ ಮೇಲೆ ಸುಬ್ಬರಾಯರ ಬಸ್ಸು ಹೊಸಕೊಪ್ಪಕ್ಕೆ ಬರತೊಡಗಿತು. ಯಾವ ಮೋರಿಯೂ ಕುಸಿಯಲಿಲ್ಲ. ಬಸ್ಸು ಬಂದದ್ದರಿಂದ ಎಲ್ಲ ಸರಿಹೋಯಿತೆಂದಲ್ಲ. ಮನೆಗಳು ಇದ್ದಲ್ಲೇ ಇದ್ದವು, ನೀರಿನ ತೊಟ್ಟಿ ದೂರವೇ ಉಳಿಯಿತು. ಕಾಲುದಾರಿ ಅಕ್ರಮ ಎಂದು ಕಾಡಿನ ಗಾರ್ಡು ಎರಡು ಸಲ ಕಂದಕ ತೋಡಿಸಿದ, ಎರಡು ಸಲವೂ ಬೆಳ್ಳಪ್ಪ ಮುಚ್ಚಿದ. ಕನ್ನಪ್ಪನ ತೋಳು ಸೊಟ್ಟಗೆ ಕೂಡಿತು, ಆದರೂ ಅವನು ಬೇರೆ ಚಕ್ರ ಹಾಕಿಸಿಕೊಂಡು ಬಂದ.

ಗುತ್ಯಪ್ಪ ಊರು ಬಿಟ್ಟ. ಹೋಗುವಾಗ ಅಕ್ಕನ ಮನೆಯ ಮುಂದೆ ಜೀಪು ನಿಲ್ಲಿಸಿದನಂತೆ, ಇಳಿಯಲಿಲ್ಲವಂತೆ. ಮಾಸ್ತಮ್ಮ ಹಿತ್ತಿಲಲ್ಲಿದ್ದಳು, ಇಂಜಿನ್ನಿನ ಸದ್ದು ಕೇಳಿಸಿತ್ತು, ಎದ್ದು ಬರಲಿಲ್ಲ. ಅದಕ್ಕಾಗಿ ಅವಳು ಅತ್ತದ್ದು ಬೆಳ್ಳಪ್ಪನಿಗೆ ಮಾತ್ರ ಗೊತ್ತು.

ವರ್ಷ ಕಳೆದ ಮೇಲೆ ಬಸ್ಸಿನಲ್ಲಿ ಸಾಗರದ ಕಡೆಯ ಹೆಂಗಸೊಬ್ಬಳು ಮಾಸ್ತಮ್ಮನ ಪಕ್ಕದಲ್ಲಿ ಕೂತಿದ್ದಳು. ಹಿನ್ನೀರಿನ ಆಚೆ ಬ್ಯಾಕೋಡಿನ ಹತ್ತಿರ ಅವಳ ತವರು. ಹೊಳೆಬಾಗಿಲಲ್ಲಿ ದೋಣಿ ದಾಟಿದರೆ ಆಮೇಲೆ ಬಸ್ಸಿಲ್ಲ ಅಂದಳು. ಅಲ್ಲೊಬ್ಬ ಜೀಪು ಇಟ್ಟಿದ್ದಾನೆ, ಹಣೆಯ ಮೇಲೆ ಗಾಯದ ಗುರುತಿದೆ, ಮೊದಮೊದಲು ತುಂಬ ಒಳ್ಳೆಯವನು, ಬಸುರಿ ಬಾಣಂತಿಯರನ್ನು ಬಿಟ್ಟಿ ಒಯ್ಯುತ್ತಿದ್ದ. ಈಗ ಬಸ್ಸು ಕೇಳೋಣವೆಂದರೆ ಏನು ಅಗತ್ಯ, ನಾನಿಲ್ಲವೇ ಅನ್ನುತ್ತಾನೆ.

ದೋಣಿ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಮಾಸ್ತಮ್ಮ ಕೇಳಿಕೊಂಡಳು. ಅಲ್ಲಿರುವವರೂ ನೀರು ನುಂಗಿದ ಊರುಗಳಿಂದ ಎದ್ದು ಬಂದವರೇ.

ಮುಂದಿನ ವಾರ ಅವಳು ಹುಲಿಯಮ್ಮನನ್ನು ಕರೆದುಕೊಂಡು ಹೊರಟಳು. ಹೊಳೆಬಾಗಿಲಲ್ಲಿ ದೋಣಿ ಹತ್ತಿ ಆಚೆಯ ದಡಕ್ಕೆ ಇಳಿದರು. ಏರಿಯ ಮೇಲೆ ಬಿಸಿಲಿನಲ್ಲಿ ಹತ್ತಾರು ಜನ ಮೂಟೆಗಳ ಮೇಲೆ ಕೂತು ಜೀಪಿಗೆ ಕಾಯುತ್ತಿದ್ದರು. ಎಷ್ಟು ಹೊತ್ತಾಯಿತು ಎಂದು ಅವಳು ಕೇಳಿದ್ದಕ್ಕೆ ಒಬ್ಬಳು, ಅವನು ಬಂದಾಗ ಬಂದ ಎಂದಳು.

ಮಾಸ್ತಮ್ಮ ಅವರ ನಡುವೆ ಜಾಗ ಮಾಡಿಕೊಂಡು ಕೂತಳು. "ಆ ಜೀಪಿನೋನು ನನ್ನ ತಮ್ಮ" ಎಂದಳು. "ಅವನನ್ನ ಸಾಕಿದ್ದು ನಾನು. ನಿಮಗೆ ಬಸ್ ಯಾಕೆ ಬಂದಿಲ್ಲ ಅಂತ ನಾನು ಹೇಳ್ತೀನಿ, ಕೇಳ್ರಿ."